ಹೊಲಿಗೆ ಮೆಷಿನ್ನಿಗೂ ಗೋದಾಮಿಗೂ ಒಂದೇ ನಿಯಮವೇ?

ಸಂಪಾದಕರೇ,

ಮನೆಯ ಒಂದು ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ದುಡಿಯುವವರನ್ನೂ, ನೆಲಮಹಡಿ ಪೂರ್ತಿ ಗೋದಾಮು ಮಾಡಿ ರಾತ್ರಿ ಹನ್ನೊಂದಕ್ಕೆ ಲಾರಿಯಿಂದ ಸರಕು ಇಳಿಸುವವರನ್ನೂ ವಸತಿ ವಲಯದ ನಿಯಮ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೇಗೆ? ಮನೆಯ ಎಷ್ಟು ಭಾಗ ಬಳಸಬಹುದು, ಹೊರಗಿನ ಕೆಲಸದವರು ಎಷ್ಟು ಮಂದಿ, ಬೋರ್ಡು ಎಷ್ಟು ದೊಡ್ಡದು, ಬಂದವರ ಗಾಡಿ ಎಲ್ಲಿ ನಿಲ್ಲಬೇಕು, ನಿಯಮ ಬೇಕಿರುವುದು ಇವಕ್ಕೆ. ಸುಮ್ನೆ ಲ್ಯಾಪ್‌ಟಾಪ್ ಮುಂದೆ ಕೂತು ಲೆಕ್ಕ ಬರೆಯುವವರಿಂದ ಪಕ್ಕದ ಮನೆಗೆ ಏನು ತೊಂದರೆ? ಸದ್ದಿಲ್ಲ, ಹೊಗೆಯಿಲ್ಲ.

ಮನೆಯಲ್ಲೇ ವ್ಯಾಪಾರ ಮಾಡಲು ಏನೇನು ಅನುಮತಿ ಬೇಕು ಎಂದು ನಾನು ಕಚೇರಿಗೆ ವಿಚಾರಿಸಲು ಹೋದಾಗ ಒಂದು ಕೌಂಟರಿನಲ್ಲಿ ವ್ಯಾಪಾರದ ಲೈಸೆನ್ಸ್ ಸಾಕು ಅಂದರು, ಪಕ್ಕದ ಕೌಂಟರಿನವರು ಅದೇ ಬೇರೆ, ಕಟ್ಟಡದ ಬಳಕೆಗೆ ಅನುಮತಿಯೇ ಬೇರೆ ಅಂದರು. (ಬಾಡಿಗೆ ಮನೆಯಾದರೆ ಮಾಲೀಕರನ್ನೂ ಕೇಳಬೇಕು ಅಲ್ವಾ!) ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಲು ಏನು ಕಷ್ಟ?

ಒಬ್ಬ ಓದುಗ