ವಿಷಯ: ನನ್ನ ಪೂಲ್ ಆಡೋ ಕೋಲಿಗೆ (ಕ್ಯೂಗೆ) ಕೂರದ ಶಾಫ್ಟ್, ಅಂದ್ರೆ ಕೋಲಿನ ಮುಂದಿನ ಅರ್ಧ, ಕಳಿಸಿ, ಈಗ ವಾಪಸ್ ತಗೊಳ್ಳಲ್ಲ ಅಂತಿರೋದರ ಬಗ್ಗೆ

ಕಸ್ಟಮರ್ ಸರ್ವಿಸ್ ಮುಖ್ಯಸ್ಥರಿಗೆ,

ನಮಸ್ಕಾರ. ಈ ಲೆಟರ್ ಬರೆಯೋದು ಬೇಡ ಅಂತಾನೇ ಇಷ್ಟು ದಿನ ಸುಮ್ನಿದ್ದೆ. ಫೋನಲ್ಲಿ ನಯವಾಗೇ ಮಾತಾಡಿದೆ, ಚಾಟಲ್ಲಿ ನಯವಾಗೇ ಟೈಪ್ ಮಾಡಿದೆ, ಫೋಟೋ ಕೇಳಿದ್ರು ಕಳಿಸ್ದೆ, ಅದೇ ಫೋಟೋ ಮತ್ತೆ ಕೇಳಿದ್ರು ಮತ್ತೆ ಕಳಿಸ್ದೆ. ನಿನ್ನೆ ಸಂಜೆ "ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತಲ್ಲ, ಅಲ್ಲಿಗೆ ಮುಗೀತು ನನ್ನ ತಾಳ್ಮೆ. ಶಾಫ್ಟ್ ಇನ್ನೂ ಡಬ್ಬಿಯಲ್ಲಿ ನನ್ನ ಮುಂದೇನೇ ಇದೆ. ಏನು ಪರಿಹಾರ ಆಯ್ತು ಅಂತ ನಿಮಗಾದ್ರೂ ಗೊತ್ತಾ?

ನಾನು ಕೇಳಿದ್ದು: 12.4 ಎಂಎಂ ಟಿಪ್ (ಚೆಂಡಿಗೆ ತಗುಲೋ ಲೆದರ್ ತುದಿ), ಲೋ ಡಿಫ್ಲೆಕ್ಷನ್ (ಚೆಂಡನ್ನ ಪಕ್ಕಕ್ಕೆ ಕಮ್ಮಿ ತಳ್ಳೋದು), ಪ್ರೋ ಟೇಪರ್, 29 ಇಂಚು ಉದ್ದ, 3/8×10 ಪಿನ್ನಿಗೆ (ಕ್ಯೂನ ಎರಡು ಅರ್ಧ ಸೇರಿಸೋ ಸ್ಕ್ರೂಗೆ) ಕೂರೋದು. ನಿಮ್ಮ ಆರ್ಡರ್ ಫಾರ್ಮಲ್ಲಿ ಒಂದೊಂದಕ್ಕೂ ಬೇರೆ ಕಾಲಂ ಇದೆ, ಎಲ್ಲಾ ತುಂಬಿದೀನಿ, ಸಾಲ್ದು ಅಂತ ರಿಮಾರ್ಕ್ಸಲ್ಲೂ ಪಿನ್ ಸೈಜ್ ಬರ್ದು ಪಿನ್ ಪಕ್ಕ ಸ್ಕೇಲ್ ಇಟ್ಟು ಫೋಟೋನೂ ಹಾಕಿದೀನಿ. ಬಂದಿದ್ದು: 13 ಎಂಎಂ, ಮಾಮೂಲಿ ಸಾಲಿಡ್ ಮೇಪಲ್, 5/16×14 ಇನ್ಸರ್ಟ್ (ಪಿನ್ ಕೂರೋ ತೂತು). ಉದ್ದ ಮಾತ್ರ ಸರಿಯಾಗಿದೆ, ಅದಕ್ಕೆ ಥ್ಯಾಂಕ್ಸ್.

ನಾನು ಪಾಲಿಶ್ ಚೆನ್ನಾಗಿದೆ ಅಂತ ಕಣ್ಮುಚ್ಚಿ ಆರ್ಡರ್ ಹಾಕಿದ್ದಲ್ಲ. ನನ್ನ ಹಳೇ ಶಾಫ್ಟ್ ಇದೇ 13ರ ಮೇಪಲ್ಲೇ. ಅದರಲ್ಲಿ ಸೈಡ್ ಹಾಕಿ, ಅಂದ್ರೆ ಚೆಂಡಿನ ನಡು ಬಿಟ್ಟು ಪಕ್ಕಕ್ಕೆ, ಹೊಡೆದ್ರೆ ಬಿಳಿ ಚೆಂಡು ಇಟ್ಟ ಗುರಿ ಬಿಟ್ಟು ಸರಿಯುತ್ತೆ, ಬಲಗಡೆ ಹೊಡೆದ್ರೆ ಎಡಕ್ಕೆ, ಎಡಗಡೆ ಹೊಡೆದ್ರೆ ಬಲಕ್ಕೆ, ದೂರದ ಶಾಟ್ ಆದ್ರಂತೂ ಚೆಂಡು ಪಾಕೆಟ್ ಬಾಯಿಗೆ ಬಡಿದು ಈಚೆ ಬರುತ್ತೆ. ತುದಿ ಕಡೆಯ ಕೆಲವು ಇಂಚಿನಲ್ಲಿ ತೂಕ ಕಮ್ಮಿ ಇದ್ರೆ ಚೆಂಡಿಗೆ ತಗುಲಿದ ತಕ್ಷಣ ಶಾಫ್ಟೇ ಪಕ್ಕಕ್ಕೆ ಸರ್ಕೊಳ್ಳುತ್ತೆ, ಚೆಂಡನ್ನ ಅಷ್ಟು ತಳ್ಳಲ್ಲ, ಅದಕ್ಕೇ ಒಳಗೆ ಟೊಳ್ಳು ಮಾಡೋದು, ಫೆರೂಲ್ (ಟಿಪ್ ಕೆಳಗಿನ ಬಳೆ) ಚಿಕ್ಕದು ಮಾಡೋದು, ಕಾರ್ಬನ್ ಫೈಬರ್ ಹಾಕೋದು. ಇದೆಲ್ಲ ನಿಮಗೆ ಗೊತ್ತಿರೋದೇ, ಇದನ್ನೇ ಹೇಳಿ ತಾನೇ ಮಾರ್ತಿರೋದು. ಕಾರ್ಬನ್‌ದು ಸೊಟ್ಟ ಆಗಲ್ಲ ನಿಜ, ಆದ್ರೆ ಆ ಟಕ್ ಟಕ್ ಸದ್ದು ನನಗೆ ಹಿಡಿಸ್ಲಿಲ್ಲ. 11.8 ಎಂಎಂದು ನನ್ನ ಕೈಗೆ ತೀರಾ ಸಣ್ಣ. ಕೊನೆಗೆ ಮರದ್ದೇ ಇರ್ಲಿ, 12.4 ಇರ್ಲಿ, ಪ್ರೋ ಟೇಪರ್ ಇದ್ರೆ ಮುಂದಿನ ಹತ್ತು ಹನ್ನೆರಡು ಇಂಚು ಒಂದೇ ದಪ್ಪ ಇರುತ್ತೆ, ಬೆರಳ ಮಧ್ಯೆ ಸಲೀಸಾಗಿ ಜಾರುತ್ತೆ ಅಂತ ಲೆಕ್ಕ ಹಾಕಿ ತಗೊಂಡಿದ್ದು.

ಆವತ್ತೇ ಅನುಮಾನ ಬರಬೇಕಿತ್ತು ಬಿಡಿ, ಆರ್ಡರ್ ಮುಂಚೆ ನಿಮ್ಮ ಚಾಟಲ್ಲಿ ಶಾಫ್ಟ್ ತೂಕ ಎಷ್ಟು ಅಂತ ಕೇಳಿದ್ದಕ್ಕೆ "19 ಔನ್ಸ್" ಅಂತ ಉತ್ತರ ಬಂತು. ಸ್ವಾಮಿ, 19 ಅನ್ನೋದು ಪೂರ್ತಿ ಕ್ಯೂ ತೂಕ, ಶಾಫ್ಟ್ ಸುಮಾರು 4 ಇರುತ್ತೆ. ನನ್ನ ಕ್ಯೂನ ಬಟ್, ಅಂದ್ರೆ ಹಿಂದಿನ ಅರ್ಧವೇ, 15 ಇದೆ, ನಿಮ್ಮ ಮಾತು ನಂಬಿದ್ರೆ ಒಟ್ಟು 34 ಆಗುತ್ತೆ, ವಿಶ್ವ ಪೂಲ್ ಸಂಸ್ಥೆ ರೂಲ್ ಪ್ರಕಾರ 25 ದಾಟಂಗಿಲ್ಲ. ಟೈಪಿಂಗ್ ಮಿಸ್ಟೇಕ್ ಇರ್ಬೇಕು ಅಂತ ಬಿಟ್ಟೆ.

ಈಗ ಆ ಫೋನ್ ಕಾಲ್ ವಿಷಯಕ್ಕೆ ಬರ್ತೀನಿ, ದಯವಿಟ್ಟು ಪೂರ್ತಿ ಓದಿ.

ಮೊದಲು ಫೋನ್ ಎತ್ತಿದ ಹುಡುಗ "ಸರ್, ಶಾಫ್ಟ್ ಕ್ಯೂಗೆ ಹಾಕಿ ನೋಡಿದ್ರಾ" ಅಂದ. ಹಾಕಕ್ಕೆ ಆಗ್ತಿಲ್ಲ ಅಂತಾನೇ ಫೋನ್ ಮಾಡಿರೋದು ಅಂದೆ. "ಯಾವ ಕಡೆ ತಿರುಗಿಸ್ತಿದೀರಾ?" ಬಲಕ್ಕೆ ಅಂದೆ. "ಎಡಕ್ಕೆ ತಿರುಗಿಸಿ ನೋಡಿ." ಎಡಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ ಕಣಪ್ಪ, ಕೂತಿದ್ರೆ ತಾನೇ ಬಿಚ್ಚೋದು ಅಂದೆ. ಹೋಲ್ಡಲ್ಲಿ ಇಟ್ಟ. ಮ್ಯೂಸಿಕ್ ಕೇಳಿದೆ. ಬಂದು "ಸೀನಿಯರ್ ಟೆಕ್ನಿಕಲ್‌ಗೆ ಕೊಡ್ತೀನಿ" ಅಂದ. ಮತ್ತೆ ಮ್ಯೂಸಿಕ್.

ಸೀನಿಯರ್ ಟೆಕ್ನಿಕಲ್ ಬಂದವರು ಕೇಳಿದ ಮೊದಲನೇ ಪ್ರಶ್ನೆ, "ಸರ್, ನೀವು ಮುಂಚೆ ಪೂಲ್ ಆಡಿದೀರಾ?" ಸ್ಪೀಕರ್ ಆನ್ ಇತ್ತು, ಪಕ್ಕದ ಟೇಬಲ್‌ನವರೆಲ್ಲ ತಿರುಗಿ ನೋಡಿದ್ರು. ಆಡಿದೀನಿ ಅಂದೆ. "ಎಷ್ಟು ವರ್ಷದಿಂದ?" ಅದಕ್ಕೂ ಪಿನ್ನಿಗೂ ಏನು ಸಂಬಂಧ ಅಂದೆ. "ಅಲ್ಲ ಸರ್, ಹೊಸಬರಿಗೆ ಜಾಯಿಂಟ್ ಹಾಕೋದು ಸ್ವಲ್ಪ ಕಷ್ಟ ಆಗುತ್ತೆ, ಸ್ವಲ್ಪ ಜೋರಾಗಿ ತಿರುಗಿಸಿ, ಹೊಸದಲ್ವಾ, ಟೈಟ್ ಇರುತ್ತೆ." ನನ್ನ ಪಿನ್ 9.5 ಎಂಎಂ ಇದೆ, ನಿಮ್ಮ ತೂತು 8 ಕೂಡ ಇಲ್ಲ, ಥ್ರೆಡ್ಡೂ ಬೇರೆ, ಇಂಚಿಗೆ 10 ಬೇಕು, ಇದರಲ್ಲಿ 14 ಇದೆ ಅಂತ ನಿಧಾನವಾಗಿ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಅರ್ಥ ಆಯ್ತು ಅನ್ಕೊಂಡೆ. ಆಮೇಲೆ ಅಂದಿದ್ದು, "ಸರ್, ಸ್ವಲ್ಪ ಎಣ್ಣೆ ಹಾಕಿ ಟ್ರೈ ಮಾಡಿ."

ಎಣ್ಣೆ!

ಪಕ್ಕದ ಟೇಬಲ್‌ನವನು ಟಿಪ್‌ಗೆ ಉಜ್ಜೋ ನೀಲಿ ಚಾಕ್ ಕೆಳಗೆ ಬೀಳಿಸ್ಕೊಂಡು ನಕ್ಕ. ನಾನೂ ನಗ್ತಿದ್ದೆ, ದುಡ್ಡು ನನ್ನದಾಗಿರ್ಲಿಲ್ಲ ಅಂದ್ರೆ. ಸರಿ, ಪಿನ್ ಕಥೆ ಬಿಡಿ, 12.4 ಕೇಳಿದ್ರೆ 13 ಯಾಕೆ ಕಳಿಸಿದ್ರಿ ಅಂದೆ. "13 ಅಂದ್ರೆ ದೊಡ್ಡದು ಸರ್, ನಿಮಗೆ ಫ್ರೀಯಾಗಿ ಅಪ್‌ಗ್ರೇಡ್ ಆಗಿದೆ." ದೊಡ್ಡದಾದಷ್ಟೂ ಒಳ್ಳೇದು ಅಂದ್ರೆ ಸ್ನೂಕರ್ ಆಡೋರು 9.5 ಟಿಪ್ ಇಟ್ಕೊಂಡು ಯಾಕೆ ಆಡ್ತಾರೆ ಪಾಪ, ನಿಮ್ಮ ಸೀನಿಯರ್ ಹತ್ರ ಕೇಳ್ಕೊಳ್ಳೋದಲ್ವಾ? ಆಮೇಲೆ "ಬೇರೆ ಏನಾದ್ರೂ ಸಹಾಯ ಬೇಕಾ ಸರ್" ಅಂತ ಕೇಳಿ ಕಾಲ್ ಕಟ್ ಮಾಡಿದ್ರು. ಬೇರೆ ಸಹಾಯ ಅಂತೆ, ಇದೇ ಇನ್ನೂ ಶುರುವಾಗಿಲ್ಲ!

ರಿಟರ್ನ್ ಹಾಕಿದೆ, ರಿಜೆಕ್ಟ್. ಕಾರಣ: "ಟಿಪ್ ಮೇಲೆ ಚಾಕ್ ಇದೆ, ಬಳಸಿದ ವಸ್ತು." ಕ್ಯೂಗೆ ಕೂರದ ಶಾಫ್ಟಲ್ಲಿ ನಾನು ಹೇಗೆ ಆಡಿದೆ ಹೇಳಿ, ಬರೀ ಶಾಫ್ಟ್ ಹಿಡ್ಕೊಂಡು ಚೆಂಡು ತಿವಿದ್ನಾ? ನೀವು ಕೆಂಪು ರೌಂಡ್ ಹಾಕಿ ಕಳಿಸಿದ ಫೋಟೋ ಝೂಮ್ ಮಾಡಿ ನೋಡಿದೆ. ಆ ನೀಲಿ ಟಿಪ್ ತಲೆ ಮೇಲಿಲ್ಲ, ಬುಡದಲ್ಲಿದೆ, ಲೆದರಿಗೂ ಫೆರೂಲಿಗೂ ನಡುವೆ ಒಂದು ತೆಳು ಗೆರೆ, ಸುತ್ತ ಒಂದೇ ಅಳತೆ. ಅದು ಟಿಪ್ ಜೊತೆ ಬರೋ ಪ್ಯಾಡು. ನಿಮ್ಮ ಸೈಟಲ್ಲಿ ಇದೇ ಶಾಫ್ಟಿನ ಮೊದಲನೇ ಫೋಟೋದಲ್ಲೂ ಇದೆ, ಹಾಗಾದ್ರೆ ನೀವು ಮಾರ್ತಿರೋದೂ ಬಳಸಿದ ವಸ್ತುನೇ ಅಂತಾಯ್ತಲ್ಲ. ಟಿಪ್ ಮೇಲ್ಗಡೆ ಲೆದರ್ ಇನ್ನೂ ನುಣ್ಣಗೆ ಹೊಳೀತಿದೆ, ಉಜ್ಜಿ ಒರಟೂ ಮಾಡಿಲ್ಲ, ಅದರ ಮೇಲೆ ಚಾಕ್ ನಿಲ್ಲೋದೂ ಕಷ್ಟ.

ಅಷ್ಟಕ್ಕೂ ಚಾಕ್ ರೂಲ್ ಇರೋದು ಮನಸ್ಸು ಬದಲಾಯಿಸಿ ವಾಪಸ್ ಕೊಡೋರಿಗೆ. ತಪ್ಪು ಐಟಂ ಬಂದ್ರೆ ಯಾವ ಪ್ಯಾರಾ ನೋಡ್ಬೇಕು ಅಂತ ನಾನು ಹೇಳಲ್ಲ, ಪಾಲಿಸಿ ಬರ್ದಿರೋರು ನೀವೇ, ನಿಮಗೆ ಬಾಯಿಪಾಠ ಬರುತ್ತೆ ಅನ್ಕೋತೀನಿ.

ಸರಿಯಾದ ಶಾಫ್ಟ್ ಕಳಿಸಿ ಅಂತ ಕೇಳೋ ಆಸೆ ನನಗೆ ಹೋಗಿದೆ, ಈ ಸಲ ಇನ್ನೇನು ಕಳಿಸ್ತೀರೋ. ದುಡ್ಡು ವಾಪಸ್ ಹಾಕಿ, ಡಬ್ಬಿ ತಗೊಂಡು ಹೋಗಿ. ಹಾಕಿದ್ರೂ ಸುಮ್ನಿರ್ತೀನಿ ಅನ್ಕೋಬೇಡಿ. ಕಾಲಿಪರ್ ಇಟ್ಟು ಪಿನ್ನು ತೂತು ಎರಡೂ ಅಳೆದು ವಿಡಿಯೋ ಮಾಡಿಟ್ಟಿದೀನಿ. ಈ ಕಾಲ್ ರೆಕಾರ್ಡ್ ಆಗ್ತಿದೆ ಅಂತ ಶುರುವಲ್ಲೇ ನೀವು ಹೇಳಿದ್ರಲ್ಲ, ನಾನೂ ಮಾಡ್ಕೊಂಡಿದೀನಿ, ಎಣ್ಣೆ ಭಾಗ ಬಹಳ ಕ್ಲಿಯರ್ ಆಗಿ ಬಂದಿದೆ. ನಾನು ಆಡೋ ಕಡೆ ಶಾಫ್ಟ್ ಬದಲಾಯಿಸ್ಬೇಕು ಅಂತಿರೋರು ಸುಮಾರು ಜನ ಇದಾರೆ, ಒಬ್ಬರನ್ನೂ ಬಿಡದೆ ಕೂರಿಸಿ ಕೇಳಿಸ್ತೀನಿ. ಆಮೇಲೆ ಗ್ರಾಹಕರ ಕೋರ್ಟು. ಜಡ್ಜ್ ಮುಂದೆ ಬಟ್ಟು ಶಾಫ್ಟು ಎರಡೂ ಇಡ್ತೀನಿ, ನಿಮ್ಮ ಸೀನಿಯರ್ ಟೆಕ್ನಿಕಲ್ ಬಂದು ಜೋಡಿಸಿ ತೋರಿಸ್ಲಿ. ಎಣ್ಣೆ ನಾನೇ ತರ್ತೀನಿ.

ಇಂತಿ,
ಸದ್ಯಕ್ಕೆ ನಿಮ್ಮ ಗ್ರಾಹಕ