ಸಂಗು ಇಡೀ ದಿನ ಮಾತಾಡಿದ

ಡ್ಯೂಸೆಲ್ಡಾರ್ಫ್, ಜರ್ಮನಿ,
ಸೋಮವಾರ

ಮಾತೋಶ್ರೀ ಅವ್ವನ ಪಾದಗಳಿಗೆ ನಿನ್ನ ಮಗನ ಸಾಷ್ಟಾಂಗ ನಮಸ್ಕಾರಗಳು. ಅಪ್ಪನವರಿಗೂ ನಮಸ್ಕಾರ ತಿಳಿಸುವುದು. ನಾವು ಮೂವರೂ ಕ್ಷೇಮ.

ನಿನ್ನ ಪತ್ರ ಶುಕ್ರವಾರ ಕೈಸೇರಿತು. ಮೊಮ್ಮಗ ಫೋನಿನಲ್ಲಿ ತುಟಿ ಬಿಚ್ಚುವುದಿಲ್ಲ, ಎರಡೂವರೆ ವರ್ಷ ದಾಟಿದರೂ ಮಾತು ಬಂದಿಲ್ಲವೆಂದರೆ ಏನೋ ತೊಂದರೆಯಿದ್ದೀತು ಎಂದು ಎದುರುಮನೆಯ ಕಾಕು ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಂಡು ನೀನು ಬನಶಂಕರಿಗೆ ಹರಕೆ ಹೊತ್ತದ್ದನ್ನು ಓದಿ, ಸುಮಾ ಮತ್ತು ನಾನು ಆ ರಾತ್ರಿ ಬಹಳ ಹೊತ್ತು ಮಲಗಲಿಲ್ಲ. ಅವ್ವ, ಸಂಗುವಿಗೆ ಮಾತು ಬಂದಿದೆ. ನಿನ್ನೆ ರವಿವಾರದ ಸಂಗತಿಯನ್ನು ಬರೆಯುತ್ತೇನೆ, ಓದಿ ನೀನೇ ಹೇಳು.

ಇಲ್ಲಿ ರವಿವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಆದ್ದರಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ಮತ್ತು ನೀನು ಕಳಿಸಿದ ಅಮೀನಗಡದ ಕರದಂಟನ್ನು ಕಟ್ಟಿಕೊಂಡು, ಅರ್ಧ ತಾಸಿನ ಹಾದಿಯ ವುಪ್ಪರ್ಟಾಲ್ ಊರಿಗೆ ಹೋದೆವು. ಆ ಊರಿನ ರೈಲು ನೆಲದ ಮೇಲೆ ಓಡುವುದಿಲ್ಲ, ಮೇಲಿನ ಒಂದೇ ಹಳಿಗೆ ಜೋತುಬಿದ್ದು ಬಹುಪಾಲು ನದಿಯ ಮೇಲೆಯೇ ಸಾಗುತ್ತದೆ. 1901ರಲ್ಲಿ ಶುರುವಾದ 13.3 ಕಿಲೋಮೀಟರಿನ ಆ ದಾರಿ ಈಗಲೂ ಜನರ ದಿನನಿತ್ಯದ ಗಾಡಿಯಾಗಿದೆ. ನದಿ ಮಾತ್ರ ನಮ್ಮ ಘಟಪ್ರಭೆಯ ಮುಂದೆ ಒಂದು ಹಳ್ಳ, ಅಷ್ಟೆ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟಿಲ್ಲ ಎಂಬುದನ್ನು ಅಪ್ಪನವರಿಗೆ ಹೇಳು, ಅವರಿಗೆ ಸಂತೋಷವಾದೀತು.

ಇಲ್ಲಿಯವರು ಗಾಡಿಯಲ್ಲಿ ಪಿಸುಮಾತಿನಲ್ಲಿ ಮಾತಾಡುವವರು. ಅಂಥವರ ನಡುವೆ ನಿನ್ನ ಮೊಮ್ಮಗ ಸೀಟಿನ ಮೇಲೆ ಮೊಣಕಾಲೂರಿ, ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ, ಗಾಡಿ ಹೊರಡುವ ಮೊದಲೇ ಶುರುಮಾಡಿದ.

"ಅಪ್ಪಾ, ಗಾಲಿ ಎಲ್ಲಿ ಅದಾವು?"

"ಮ್ಯಾಲ ಅದಾವು."

"ಮ್ಯಾಲ ಯಾಕ?"

"ಕೆಳಗ ನದಿ ಐತೆಲ್ಲಪ್ಪಾ."

"ನದಿಗೆ ಥಂಡಿ ಆಗೂದಿಲ್ಲೇನ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಅವನ ಉಸಿರಿಗೆ ಗಾಜು ಮಂಜಾಗಿತ್ತು. ಅದರ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು, "ಇದು ಅಜ್ಜನ ಕೋಲು" ಎಂದ. ಎದುರಿಗೆ ಕುಳಿತಿದ್ದ ಮುದುಕಿಯೊಬ್ಬರು ಇದು ಯಾವ ಭಾಷೆಯೆಂದು ನಮ್ಮನ್ನು ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಅವನು "ಕನ್ನಡ!" ಎಂದು ಇಡೀ ಡಬ್ಬಿಗೆ ಕೇಳುವಂತೆ ಕೂಗಿದ. ಆ ಹೊತ್ತಿಗೆ ನೀನು ಪಕ್ಕದಲ್ಲಿ ಇರಬೇಕಾಗಿತ್ತು.

1950ರಲ್ಲಿ ಸರ್ಕಸ್ಸಿನವರು ಪ್ರಚಾರಕ್ಕೆಂದು ಟುಫಿ ಎಂಬ ಆನೆಮರಿಯನ್ನು ಇದೇ ಗಾಡಿಯಲ್ಲಿ ಹತ್ತಿಸಿದ್ದರಂತೆ. ಅದು ಹೆದರಿ, ಗಾಡಿಯನ್ನು ಒಡೆದುಕೊಂಡು ನದಿಗೆ ಹಾರಿತು, ಆದರೂ ತರಚು ಗಾಯದಲ್ಲಿ ಪಾರಾಯಿತು. ಈ ಕಥೆಯನ್ನು ಹೇಳಿ ನಾನೇ ಸಿಕ್ಕಿಬಿದ್ದೆ. "ಆನಿಗೆ ಪೆಟ್ಟಾತೇನ? ಅವರವ್ವ ಎಲ್ಲಿದ್ದಳು? ಅದು ಮನಿಗೆ ಹೋತೇನ?" ಎಂದು ಪ್ರಾಣಿಸಂಗ್ರಹಾಲಯದ ಬಾಗಿಲವರೆಗೂ ಕೇಳಿದ. ಒಳಗೆ ಅಗಲ ಕಿವಿಯ ಆಫ್ರಿಕಾದ ಆನೆಗಳನ್ನು ಕಂಡವನೇ ಹಿಗ್ಗಿನಿಂದ "ಅಪ್ಪಾ, ಎಲೆಫಾಂಟ್ ನೀರು ಕುಡ್ಯಾಕತ್ತೈತಿ!" ಎಂದ. ಎಲೆಫಾಂಟ್ ಎಂದರೆ ಇಲ್ಲಿಯವರ ಮಾತಿನಲ್ಲಿ ಆನೆ. ಗಾಡಿಯಲ್ಲಿ ಆನೆಯಾಗಿದ್ದದ್ದು ಇಲ್ಲಿ ಎಲೆಫಾಂಟ್ ಆದದ್ದು ಕೇಳಿ ನನ್ನ ಎದೆ ಒಂದು ಕ್ಷಣ ಧಸಕ್ಕೆಂದಿತು, ನಿನ್ನಲ್ಲಿ ಮುಚ್ಚಿಡುವುದಿಲ್ಲ. ಮಗು ಮೂಕನಾದೀತೆಂದು ನೀನು ಹೆದರುತ್ತೀ, ಅವನ ಮಾತು ನಿನಗೆ ತಿಳಿಯದಂತಾದೀತೆಂದು ನಾನು ಹೆದರುತ್ತೇನೆ. ಸುಮಾ ಮಾತ್ರ ಅವನ ಬಾಯಿಗೆ ರೊಟ್ಟಿಯ ಚೂರು ಇಡುತ್ತ, "ಹೌದು, ಆನಿ ನೀರು ಕುಡ್ಯಾಕತ್ತೈತಿ" ಎಂದಳು. ಅವನೂ "ಆನಿ" ಎಂದ.

ಡಾಕ್ಟರರ ಮಾತನ್ನೂ ಬರೆಯುತ್ತೇನೆ. ಇಲ್ಲಿ ಹುಟ್ಟಿದಂದಿನಿಂದ ಪ್ರತಿ ಮಗುವಿಗೂ ಒಂದು ಹಳದಿ ಪುಸ್ತಕ ಕೊಟ್ಟು, ವಯಸ್ಸಿಗೆ ತಕ್ಕ ತಪಾಸಣೆಗಳನ್ನು ಅದರಲ್ಲಿ ಬರೆಯುತ್ತಾರೆ. ಎರಡು ವರ್ಷಕ್ಕೆ ಸುಮಾರು 50 ಪದ ಬಂದು, ಎರಡೆರಡನ್ನು ಜೋಡಿಸಿ ಆಡಿದರೆ ಸಾಕು, ಎರಡೂ ಭಾಷೆಯ ಪದಗಳನ್ನು ಕೂಡಿಸಿಯೇ ಎಣಿಸಬೇಕು ಎಂದು ಅವರು ಆಗಲೇ ಹೇಳಿದ್ದರು. ಸಂಗು ಅದನ್ನು ಅಂದೇ ದಾಟಿದ್ದ. ಮುಂದಿನ ತಪಾಸಣೆ ನವೆಂಬರಿನಲ್ಲಿದೆ, ತಪ್ಪದೆ ಹೋಗುತ್ತೇವೆ.

ಫೋನಿನಲ್ಲಿ ಅವನು ಸುಮ್ಮನಾಗುವುದಕ್ಕೆ ಕಾರಣ ಹೊತ್ತು. ನೀವು ಊಟ ಮುಗಿಸಿ ರಾತ್ರಿ ಎಂಟೂವರೆಗೆ ಮಾಡುವಾಗ ಇಲ್ಲಿ ಸಂಜೆ ಐದು, ಶಿಶುವಿಹಾರದಿಂದ ದಣಿದು ಬಂದಿರುತ್ತಾನೆ. ರವಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಮಾಡು, ಇಲ್ಲಿ ಬೆಳಗಿನ ಒಂಬತ್ತಾಗಿರುತ್ತದೆ. "ಮಾತಾಡು" ಎನ್ನಬೇಡ, ಆನೆಯ ಸುದ್ದಿ ಕೇಳು.

ನೀನು ಖಂಡಿತ ಚಿಂತೆ ಮಾಡಬಾರದು. ಮಗು ಗಟ್ಟಿಯಾಗಿದೆ, ಹೊಟ್ಟೆ ತುಂಬ ಉಣ್ಣುತ್ತದೆ, ಕಿವಿ ಚೆನ್ನಾಗಿ ಕೇಳುತ್ತದೆ, ನಿದ್ದೆಯಲ್ಲಿಯೂ ಮಾತಾಡುತ್ತದೆ. ಹರಕೆ ಹೊತ್ತದ್ದು ಹೊತ್ತಾಯಿತು, ತೀರಿಸೋಣ. ಬನದ ಹುಣ್ಣಿಮೆಗೆಂದು ರಜೆ ಕೇಳಿದ್ದೇನೆ.

ಐದು ಗಂಟೆಗೆ ಅಂಚೆ ಪೆಟ್ಟಿಗೆ ತೆರೆಯುತ್ತಾರೆ, ಸಂಗುವೂ ಎದ್ದು ಕರೆಯುತ್ತಿದ್ದಾನೆ. ಮಂಡಿನೋವಿನ ಎಣ್ಣೆ ಮುಗಿದಿದ್ದರೆ ತಿಳಿಸು. ಉಳಿದದ್ದು ಫೋನಿನಲ್ಲಿ.

ನಿನ್ನ ಮಗ