ವ್ಯಸನಿಯ ಮನೆಯವರನ್ನೂ ಸ್ವಲ್ಪ ವಿಚಾರಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಕುಡಿತ ಬಿಡಿಸಲು ಒಬ್ಬರನ್ನು ಆಸ್ಪತ್ರೆಗೆ ಸೇರಿಸುವಾಗ ಜೊತೆಗೆ ಹೆಂಡತಿಯೋ, ತಾಯಿಯೋ, ತಮ್ಮನೋ ಬಂದಿರುತ್ತಾರೆ. ಎಷ್ಟು ವರ್ಷದಿಂದ ಕುಡಿತ, ದಿನಕ್ಕೆಷ್ಟು ಅಂತ ಅವರನ್ನೇ ಕೇಳುತ್ತಾರೆ. ಸಹಿ ಹಾಕಿಸಿಕೊಳ್ಳುತ್ತಾರೆ. ನೀವು ಹೇಗಿದ್ದೀರಿ ಅಂತ ಕೇಳುವವರು ಮಾತ್ರ ತೀರಾ ಕಡಿಮೆ.

ಬಂದವರ ಸ್ಥಿತಿ ನೋಡಿ. ಅವನ ಸಾಲ ತೀರಿಸಿರುತ್ತಾರೆ. ಕೆಲಸದ ಜಾಗಕ್ಕೆ ಫೋನ್ ಮಾಡಿ ಜ್ವರ ಅಂತ ಸುಳ್ಳು ಹೇಳಿರುತ್ತಾರೆ. ಬಚ್ಚಿಟ್ಟ ಬಾಟಲಿ ಹುಡುಕಿ ಚೆಲ್ಲಿರುತ್ತಾರೆ. ನೆಂಟರ ಮುಂದೆ ಬಾಯಿ ಬಿಡಲು ನಾಚಿಕೆ. ನಿದ್ದೆ ಯಾವತ್ತೋ ಹೋಗಿರುತ್ತದೆ.

ಇವರಿಗಾಗಿಯೇ ಗುಂಪುಗಳಿವೆ. ನಾನೂ ಅಂಥದ್ದೊಂದರ ಸದಸ್ಯೆ. ಕುಡಿತ ಬಿಡಬೇಕೆನ್ನುವವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಗುಂಪು 1935ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಗಂಡಂದಿರ ಸಭೆಗೆ ಜೊತೆಯಾಗಿ ಬಂದ ಹೆಂಡತಿಯರು ತಾವೇ ಬೇರೆ ಕೂತು ಮಾತಾಡತೊಡಗಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್, ಗೆಳತಿಯೊಬ್ಬರ ಜೊತೆ ಸೇರಿ 1951ರಲ್ಲಿ ಆ ಚದುರಿದ ಗುಂಪುಗಳನ್ನೆಲ್ಲ ಅಲ್-ಅನಾನ್ ಎಂದು ಒಂದುಗೂಡಿಸಿದರು. 1957ರಲ್ಲಿ ಹದಿಹರೆಯದ ಮಕ್ಕಳಿಗೆ ಅಲಟೀನ್ ಬಂತು. ಡ್ರಗ್ಸ್ ಚಟ ಇರುವವರ ಮನೆಯವರಿಗೆ ನಾರ್-ಅನಾನ್ ಇದೆ.

ಅಲ್ಲಿ ಯಾರೂ ಉಪದೇಶ ಮಾಡುವುದಿಲ್ಲ. ಅವರವರ ಕತೆ ಅವರವರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಮೊದಲು ಕಲಿಯುವುದು ಮೂರು ಮಾತು: ಈ ಚಟಕ್ಕೆ ನಾನು ಕಾರಣ ಅಲ್ಲ, ಅದನ್ನು ಹಿಡಿತದಲ್ಲಿಡಲು ನನ್ನಿಂದ ಆಗಲ್ಲ, ವಾಸಿ ಮಾಡಲೂ ಆಗಲ್ಲ. ಇದು ಕೈಬಿಡುವ ಮಾತಲ್ಲ. "ನೀನು ಸರಿಯಾಗಿ ನೋಡಿಕೊಂಡಿದ್ದರೆ ಅವನು ಯಾಕೆ ಕುಡಿಯುತ್ತಿದ್ದ?" ಅಂತ ವರ್ಷಗಟ್ಟಲೆ ಕೇಳಿಸಿಕೊಂಡ ಹೆಣ್ಣಿಗೆ ಆ ಮೊದಲ ಮಾತೊಂದೇ ಎಷ್ಟು ದೊಡ್ಡದು ಗೊತ್ತಾ? ಅವನು ಕುಡಿತ ಬಿಟ್ಟರೂ, ಬಿಡದಿದ್ದರೂ ಅವಳು ಬದುಕಬೇಕಲ್ವಾ?

ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಗುಂಪು ಸಾಲದು. ಅಲ್ಲಿ ಮೊದಲು ರಕ್ಷಣೆ ಬೇಕು. ಅದು ನಿಮ್ಮ ಸರ್ಕಾರದ ಕೆಲಸ.

ನಾವು ಅನುದಾನ ಕೇಳುತ್ತಿಲ್ಲ. ಅಲ್-ಅನಾನ್ ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದೇ ಇಲ್ಲ, ಸದಸ್ಯರೇ ಕೈಲಾದಷ್ಟು ಹಾಕಿ ಖರ್ಚು ನಡೆಸುತ್ತಾರೆ. ನಮಗೆ ಬೇಕಿರುವುದು ನಿಮ್ಮದೊಂದು ಆದೇಶ. ರೋಗಿಯನ್ನು ಸೇರಿಸಿಕೊಂಡ ದಿನವೇ ಹತ್ತಿರದ ಗುಂಪು ಎಲ್ಲಿ, ಯಾವಾಗ ಸೇರುತ್ತದೆ ಅಂತ ಸಿಬ್ಬಂದಿ ಮನೆಯವರಿಗೆ ತಿಳಿಸಲಿ. ಗೋಡೆಗೆ ಸುಮ್ನೆ ಪೋಸ್ಟರ್ ಅಂಟಿಸಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಸಂಜೆ ಖಾಲಿ ಬಿದ್ದಿರುವ ಸರ್ಕಾರಿ ಆಸ್ಪತ್ರೆಯ ಕೋಣೆಗಳನ್ನು ಸಭೆಗೆ ಬಾಡಿಗೆಗೆ ಕೊಡಿ. ಆದರೆ ಹಾಜರಿ ಪುಸ್ತಕ, ಫೋಟೊ, ಉದ್ಘಾಟನೆ ಯಾವುದೂ ಬೇಡ. ಹೆಸರು ಹೊರಗೆ ಬರುತ್ತದೆ ಅಂತ ಗೊತ್ತಾದರೆ ಯಾರೂ ಬರುವುದಿಲ್ಲ.

ಈ ಆದೇಶ ಯಾವಾಗ ಹೊರಡಿಸುತ್ತೀರಿ ಅಂತ ದಯವಿಟ್ಟು ತಿಳಿಸಿ.

ಇಂತಿ,
ಗುಂಪಿನ ಒಬ್ಬ ಸದಸ್ಯೆ